ಆ ಕೆಟಲ್ ಯಾವ ಅಂಗಡೀಲಿ ತಗೊಂಡಿದ್ದು?

ಮದ್ದೂರಿನ ದೊಡ್ಡಮ್ಮ ಬೆಳಗ್ಗೆ ಆರೂವರೆಗೆಲ್ಲ ಫೋನ್ ಮಾಡುವವರಲ್ಲ. ಆವತ್ತು ಮಾಡಿದರು.

"ನಿಮ್ ಚಿಕ್ಕಪ್ಪನ ಗೃಹಪ್ರವೇಶದಲ್ಲಿ ಕೊಟ್ಟಿದ್ರಲ್ಲವ್ವ, ನೀರು ಕಾಯ್ಸೋದು, ಅದ್ಯಾಕೋ ಸುಟ್ಟ ವಾಸ್ನೆ ಬತ್ತದೆ ಕನವ್ವ" ಅಂದರು.

ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತಿಡಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ ಅಂದೆ. ಅವರಿಗೆ ಎಪ್ಪತ್ತೆರಡು ವರ್ಷ. ಮನೆಯಲ್ಲಿ ಒಬ್ಬರೇ ಇರುತ್ತಾರೆ. ಬೆಳಗ್ಗೆ ಎದ್ದ ತಕ್ಷಣ ಬಿಸಿನೀರು ಕುಡಿಯಬೇಕು ಅಂತ ಡಾಕ್ಟರ್ ಹೇಳಿದ್ದಾರೆ, ಗ್ಯಾಸ್ ಹಚ್ಚುವ ತಾಪತ್ರಯ ಬೇಡ ಅಂತ ಆ ಕೆಟಲನ್ನು ಹಾಸಿಗೆ ಪಕ್ಕದ ಸ್ಟೂಲಿನ ಮೇಲೇ ಇಟ್ಟುಕೊಂಡಿದ್ದರು. ಹಾಸಿಗೆ ಪಕ್ಕ. ಇದನ್ನು ಕೇಳಿದ ಮೇಲೆ ನನಗೆ ಆ ದಿನ ಆಫೀಸಿನಲ್ಲಿ ಕೆಲಸ ಓಡಲಿಲ್ಲ.

ಭಾನುವಾರ ಮೈಸೂರಿನಿಂದ ಬೆಳಗಿನ ರೈಲು ಹಿಡಿದು ಹೋದೆ. ಕೆಟಲ್ ಕೂರುವ ತಟ್ಟೆ ಇರುತ್ತದಲ್ಲ, ಅದರ ನಡುವಿನ ಕನೆಕ್ಟರ್ ಸುತ್ತ ಬಿಳಿ ಪ್ಲಾಸ್ಟಿಕ್ ಟೀ ಬಣ್ಣಕ್ಕೆ ತಿರುಗಿತ್ತು. ಒಂದು ಕಡೆ ಸ್ವಲ್ಪ ಉಬ್ಬಿಕೊಂಡಿತ್ತು, ಉಗುರಿನಿಂದ ಒತ್ತಿದರೆ ಪುಡಿ ಉದುರುತ್ತಿತ್ತು. ಕೆಟಲ್ಲಿನ ತಳದ ಹಿತ್ತಾಳೆ ಉಂಗುರ ಪೂರ್ತಿ ಕಪ್ಪು. ತಟ್ಟೆ ಮಗುಚಿ ನೋಡಿದರೆ ಬೆಳ್ಳಿ ಬಣ್ಣದ ಸಣ್ಣ ಸ್ಟಿಕ್ಕರ್. 1.5 ಲೀಟರ್, 1500 ವ್ಯಾಟ್, 230 ವೋಲ್ಟ್, ಅದರ ಕೆಳಗೆ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಲಾಟ್ ನಂಬರ್, ಅಂದರೆ ಒಟ್ಟಿಗೆ ತಯಾರಾದ ಒಂದು ಕಂತಿನ ಸಾಮಾನಿಗೆಲ್ಲ ಹಾಕುವ ನಂಬರ್. ಕೊನೆಯ ಎರಡು ಅಂಕಿ ನೀರು ಬಿದ್ದು ಅಳಿಸಿಹೋಗಿದ್ದವು.

ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆಸಿದೆ. ಅವನು ಒಂದೇ ನೋಟಕ್ಕೆ ಹೇಳಿದ. 1500 ವ್ಯಾಟ್ ಅಂದರೆ ಹತ್ತಿರ ಹತ್ತಿರ 6.5 ಆಂಪ್ ಕರೆಂಟ್ ಎಳೆಯುತ್ತದೆ ಅಕ್ಕ, ಅಷ್ಟು ಕರೆಂಟ್ ಹೋಗೋ ಕಡೆ ಕನೆಕ್ಟರ್ ಗಟ್ಟಿಯಾಗಿ ಹಿಡಿದಿರಬೇಕು, ಸಡಿಲ ಇದ್ದರೆ ಅಲ್ಲೇ ಕಾಯುತ್ತದೆ, ನೀರು ಕಾಯೋದಕ್ಕಿಂತ ಮೊದಲು ಪ್ಲಾಸ್ಟಿಕ್ ಕಾಯುತ್ತದೆ ಅಂದ. ಮೀಟರ್ ಬೋರ್ಡಿನಲ್ಲಿ ತಾನಾಗಿ ಆಫ್ ಆಗುವ ಎಂಸಿಬಿ ಸ್ವಿಚ್ ಯಾಕೆ ಬೀಳಲಿಲ್ಲ ಅಂತ ಕೇಳಿದೆ. ಕರೆಂಟ್ ಜಾಸ್ತಿ ಹೋದರೆ ಮಾತ್ರ ಅದು ಬೀಳೋದು, ಇಲ್ಲಿ ಕರೆಂಟ್ ಸರಿಯಾಗೇ ಹೋಗ್ತಿದೆ, ಜಾಗ ಸರಿಯಿಲ್ಲ ಅಷ್ಟೆ ಅಂದ. ಇದು ನನಗೆ ಗೊತ್ತಿರಲಿಲ್ಲ. ಎಂಸಿಬಿ ಇದ್ದರೆ ಎಲ್ಲಾ ಸೇಫ್ ಅಂದುಕೊಂಡಿದ್ದೆ.

ವಾಪಸ್ ಬರುವಾಗ ರೈಲಿನಲ್ಲೇ ಫೋನ್ ತೆಗೆದು ಆ ಕಂಪನಿಯ ವೆಬ್‌ಸೈಟ್ ಹುಡುಕಿದೆ. ಕಂಪನಿ ಹೆಸರು ಇಲ್ಲಿ ಬರೆಯುವುದಿಲ್ಲ, ಇನ್ನೂ ಅವರ ಜೊತೆ ಪತ್ರ ವ್ಯವಹಾರ ನಡೀತಾ ಇದೆ. ಪುಟದ ಕೆಳತುದಿಯಲ್ಲಿ ಒಂದು ಪ್ರಕಟಣೆ ಸಿಕ್ಕಿತು. ಇಂಥಿಂಥ ಲಾಟ್‌ನ ಕೆಟಲ್‌ಗಳ ತಟ್ಟೆ ಬಿಸಿಯಾಗುವ ಸಾಧ್ಯತೆ ಇದೆ, ಬಳಸುವುದು ನಿಲ್ಲಿಸಿ, ಕೊಂಡ ಅಂಗಡಿಗೆ ಮರಳಿಸಿ, ಹೊಸ ತಟ್ಟೆ ಅಥವಾ ಹಣ ಪಡೆಯಿರಿ ಅಂತ. ದಿನಾಂಕ ನೋಡಿದರೆ ನಾಲ್ಕು ತಿಂಗಳು ಹಳೆಯದು! ನಾಲ್ಕು ತಿಂಗಳಿಂದ ಕಂಪನಿಗೆ ಗೊತ್ತು, ದೊಡ್ಡಮ್ಮನಿಗೆ ಗೊತ್ತಿಲ್ಲ.

"ಕೊಂಡ ಅಂಗಡಿಗೆ ಮರಳಿಸಿ." ಸರಿ, ಯಾವ ಅಂಗಡಿ? ಪ್ರಕಟಣೆಯಲ್ಲಿ ಲಾಟ್ ನಂಬರ್ ಇತ್ತು, ತಯಾರಾದ ತಿಂಗಳು ಇತ್ತು, ಒಂದು ಇಮೇಲ್ ವಿಳಾಸ ಇತ್ತು. ಆ ಲಾಟ್ ಯಾವ ಊರಿಗೆ ಹೋಯಿತು, ಯಾವ ಅಂಗಡಿಯಲ್ಲಿ ಮಾರಾಟವಾಯಿತು ಅನ್ನುವುದು ಒಂದು ಸಾಲೂ ಇರಲಿಲ್ಲ. ನಮ್ಮ ಕಡೆ ಯಾರ ಮನೆಯಲ್ಲಿ ಹೊಸ ಸಾಮಾನು ಕಂಡರೂ ಜನ ಕೇಳುವುದು ಒಂದೇ ಮಾತು, ಎಲ್ಲಿ ತಗೊಂಡ್ರಿ ಅಂತ. ಸೀರೆಯಾಗಲಿ, ಮಿಕ್ಸಿಯಾಗಲಿ, ನಮಗೆ ನೆನಪಿರುವುದು ಅಂಗಡಿ. ಕಂಪನಿ ಹೆಸರು ಅರ್ಧ ಜನಕ್ಕೆ ನೆನಪಿರಲ್ಲ, ಲಾಟ್ ನಂಬರ್ ಅಂತ ಒಂದು ಇರುತ್ತೆ ಅನ್ನೋದೇ ಗೊತ್ತಿರಲ್ಲ. "ಮೈಸೂರು ಸಂತೆಪೇಟೆಯ ಇಂಥ ಅಂಗಡಿಯಲ್ಲಿ ಹೋದ ವರ್ಷ ತಗೊಂಡವರು ನೋಡಿಕೊಳ್ಳಿ" ಅಂತ ಒಂದು ಮಾತು ಪೇಪರಿನಲ್ಲಿ ಬಂದಿದ್ದರೆ ಸಂಜೆಯೊಳಗೆ ಮಂಡ್ಯ ಜಿಲ್ಲೆಯ ಅರ್ಧ ನೆಂಟರಿಗೆ ಸುದ್ದಿ ಮುಟ್ಟುತ್ತಿತ್ತು. ಲಾಟ್ ನಂಬರ್ ಮಾತ್ರ ಬರೆದರೆ ಯಾರಿಗೂ ಮುಟ್ಟಲ್ಲ. ಈ ಎರಡು ತಿಂಗಳ ಓಡಾಟದಲ್ಲಿ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇದೇ.

ಕಷ್ಟ ಏನೆಂದರೆ, ಅದು ಒಂದೇ ಕೆಟಲ್ ಅಲ್ಲ. ಚಿಕ್ಕಪ್ಪ ಹೋದ ವರ್ಷ ಮಾಘದಲ್ಲಿ ಮಂಡ್ಯದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದಾಗ ಹತ್ತಿರದ ನೆಂಟರಿಗೆ, ಕೆಲಸಕ್ಕೆ ನಿಂತವರಿಗೆ ಕೊಡಲು ಅಂತ ಒಟ್ಟು 36 ಕೆಟಲ್ ತಂದಿದ್ದರು. ಹನ್ನೆರಡರ ಮೂರು ಬಾಕ್ಸ್. ಅಂದರೆ 36 ಮನೆಯ ಲೆಕ್ಕ.

ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಎಲ್ಲಿ ತಗೊಂಡ್ರಿ ಅಂದೆ. "ಸಂತೆಪೇಟೆನಲ್ಲೇ ಕನವ್ವ, ಒಂದು ಮೂಲೆ ಅಂಗ್ಡಿ, ಪಕ್ಕದಲ್ಲಿ ಹಗ್ಗ ಮಾರೋರು ಕೂತಿರ್ತಾರೆ" ಅಂದರು. ಮೈಸೂರು ಸಂತೆಪೇಟೆ ಗೊತ್ತಿದ್ದವರಿಗೆ ಗೊತ್ತು, ಅಲ್ಲಿ ಮೂಲೆ ಅಂಗಡಿ ಎಷ್ಟಿವೆ, ಹಗ್ಗ ಮಾರುವವರು ಎಷ್ಟು ಜನ ಇದ್ದಾರೆ ಅಂತ. ಬಿಲ್ ಇದೆಯಾ ಅಂದರೆ ಇದೆ ಅಂದರು, ವಾಟ್ಸಾಪಿನಲ್ಲಿ ಫೋಟೋನೂ ಕಳಿಸಿದರು. ಅದು ಬಿಲ್ ಅಲ್ಲ. ಮೇಲೆ "ಎಸ್ಟಿಮೇಟ್" ಅಂತ ಅಚ್ಚಾಗಿರುವ ಚೀಟಿ. ಕೆಟಲ್ 36, ದರ 480, ಒಟ್ಟು 17,280. ಅಂಗಡಿ ಹೆಸರಿಲ್ಲ, ವಿಳಾಸ ಇಲ್ಲ, ಜಿಎಸ್‌ಟಿ ನಂಬರ್ ಇಲ್ಲ. ಬಿಲ್ ಬೇಕಾದರೆ ಶೇಕಡಾ 18 ಜಾಸ್ತಿ ಆಗ್ತದೆ ಅಂದರಂತೆ. ಸುಮಾರು 3,100 ರೂಪಾಯಿ ಉಳೀತಲ್ಲ ಅಂತ ಚಿಕ್ಕಪ್ಪ ಬೇಡ ಅಂದರಂತೆ. ಅವರನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಮನೆ ಕಟ್ಟಿಸಿ ಸಾಲ ಮಾಡಿಕೊಂಡ ಮನುಷ್ಯನಿಗೆ 3,100 ದೊಡ್ಡ ದುಡ್ಡೇ. ನಮ್ಮಲ್ಲಿ ಬಹಳ ಜನ ಹೀಗೇ ಮಾಡುತ್ತೇವೆ ಅಲ್ವಾ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದೇ ಇರುವುದನ್ನೇ ಅನುಚಿತ ವ್ಯಾಪಾರ ಅಂತ ಬರೆದಿದ್ದಾರೆ. ಬಿಲ್ ಕೊಡುವುದು ಅಂಗಡಿಯವನ ಕೆಲಸ, ಅದಕ್ಕೆ ನಾವು ಬೇಡಿಕೊಳ್ಳಬೇಕಾಗಿಲ್ಲ.

ಮೊದಲು ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದ ಹುಡುಗಿ, ಒಳ್ಳೆಯ ಹುಡುಗಿ, ಪಾಪ ಅವಳ ಕೈಯಲ್ಲಿ ಏನೂ ಇರಲಿಲ್ಲ. "ನಮ್ಮ ಹತ್ರ ಡಿಸ್ಟ್ರಿಬ್ಯೂಟರ್‌ವರೆಗೆ ಮಾತ್ರ ಲೆಕ್ಕ ಇರುತ್ತೆ ಮೇಡಂ, ಅವರು ಯಾವ ಅಂಗಡಿಗೆ ಕೊಟ್ರು ಅಂತ ನಮಗೆ ಬರಲ್ಲ" ಅಂದಳು. ಡಿಸ್ಟ್ರಿಬ್ಯೂಟರ್ ನಂಬರ್ ಕೊಡಿ ಅಂದರೆ ಕೊಡುವ ಹಾಗಿಲ್ಲ ಅಂದಳು.

ನಾನು ಕೆಲಸ ಮಾಡುವುದು ಒಬ್ಬ ಆಡಿಟರ್ ಆಫೀಸಿನಲ್ಲಿ. ಹಾಗಾಗಿ ಈ ಮಾತು ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಜುಲೈ 2017ರಿಂದ ಜಿಎಸ್‌ಟಿ ಬಂದ ಮೇಲೆ, ನೋಂದಣಿ ಇರುವ ಡಿಸ್ಟ್ರಿಬ್ಯೂಟರ್ ನೋಂದಣಿ ಇರುವ ಅಂಗಡಿಗೆ ಕೊಟ್ಟ ಪ್ರತಿಯೊಂದು ಬಿಲ್ಲೂ, ಕೊಂಡವರ ಜಿಎಸ್‌ಟಿ ನಂಬರ್ ಸಮೇತ ಸರ್ಕಾರಕ್ಕೆ ಸಲ್ಲಿಸುವ ರಿಟರ್ನ್‌ನಲ್ಲಿ ಹೋಗುತ್ತದೆ. ನಾವೇ ಕೂತು ತುಂಬಿಸುತ್ತೇವೆ. ಅಂದರೆ ಕಾರ್ಖಾನೆಯಿಂದ ಕೊನೆಯ ನೋಂದಾಯಿತ ಅಂಗಡಿಯವರೆಗೆ ದಾರಿ ಕಾಗದದ ಮೇಲೆ ಇದೆ. ಇಲ್ಲದೇ ಇರುವುದು ಒಂದೇ, ಆ ಬಿಲ್ಲಿನಲ್ಲಿ ಲಾಟ್ ನಂಬರ್. "ಕೆಟಲ್ 1.5 ಲೀ, 60 ನಗ" ಅಂತ ಇರುತ್ತದೆಯೇ ಹೊರತು ಯಾವ ಲಾಟ್ ಅಂತ ಇರುವುದಿಲ್ಲ.

ಮೆಡಿಕಲ್ ಸ್ಟೋರ್ ಬಿಲ್ ಒಂದು ತೆಗೆದು ನೋಡಿ. ಹತ್ತು ಮಾತ್ರೆ ತಗೊಂಡರೂ ಬ್ಯಾಚ್ ನಂಬರ್ ಇರುತ್ತದೆ, ಎಕ್ಸ್‌ಪೈರಿ ಇರುತ್ತದೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಸತ್ತಾಗ ದೇಶವೆಲ್ಲ ಓದಿದ್ದು ಒಂದು ಬ್ಯಾಚ್ ನಂಬರ್, ಎಸ್‌ಆರ್-13. ಆ ಸಾವುಗಳನ್ನು ಅದು ತಡೆಯಲಿಲ್ಲ, ಆ ಸಂಕಟ ಬೇರೆಯೇ. ಆದರೆ ಆಮೇಲಾದರೂ ಆ ನಂಬರ್ ಹಿಡಿದು ಯಾವ ಸ್ಟಾಕಿಸ್ಟ್, ಯಾವ ಅಂಗಡಿ ಅಂತ ಹೋಗಿ ತಲುಪಬಹುದು, ಯಾಕೆಂದರೆ ಪ್ರತಿ ಕೈಯಲ್ಲೂ ಅದನ್ನು ಬರೆದಿಟ್ಟಿರುತ್ತಾರೆ. ಕೆಟಲ್, ಇಸ್ತ್ರಿ ಪೆಟ್ಟಿಗೆ, ಚಾರ್ಜರ್, ಮಕ್ಕಳ ಆಟಿಕೆ, ಇವುಗಳಿಗೆ ಆ ಬರವಣಿಗೆ ಇಲ್ಲ.

ಗಾಡಿ ವಿಷಯದಲ್ಲೂ ಹಾಗೆಯೇ. ನನ್ನ ತಮ್ಮನ ಬೈಕಿಗೆ ಎರಡು ವರ್ಷದ ಹಿಂದೆ ಸರ್ವಿಸ್ ಸೆಂಟರಿನವರೇ ಫೋನ್ ಮಾಡಿ, ಒಂದು ಪಾರ್ಟ್ ಬದಲಾಯಿಸಬೇಕು ಬನ್ನಿ, ದುಡ್ಡಿಲ್ಲ ಅಂದಿದ್ದರು. ಚಾಸಿಸ್ ನಂಬರ್ ಇದೆ, ಆರ್‌ಟಿಒ ಹತ್ತಿರ ಮಾಲೀಕರ ಹೆಸರಿದೆ, ಹುಡುಕಿದರೆ ಸಿಗುತ್ತದೆ. ವಾಹನ ಕಂಪನಿಗಳು 2012ರಿಂದ ತಾವಾಗಿಯೇ ಹೀಗೆ ವಾಪಸ್ ಕರೆಸಿಕೊಳ್ಳುವ ಪದ್ಧತಿ ಇಟ್ಟುಕೊಂಡಿದ್ದವು, ಏಪ್ರಿಲ್ 2021ರಿಂದ ಅದಕ್ಕೆ ಸರ್ಕಾರದ ನಿಯಮವೂ ಬಂತು. ಹಾಸಿಗೆ ಪಕ್ಕ ಇಡುವ ಕೆಟಲ್ಲಿಗೆ ಯಾವ ಆರ್‌ಟಿಒನೂ ಇಲ್ಲ.

ಸರಿ, ಸಂತೆಪೇಟೆ. ಅಂಗಡಿ ಸಿಕ್ಕಿದ್ದು ಹೇಗೆ ಅಂತ ಹೇಳುತ್ತೇನೆ, ನಿಮಗೂ ಬೇಕಾಗಬಹುದು. ಚಿಕ್ಕಪ್ಪ 17,280ರಲ್ಲಿ 5,000 ಅಡ್ವಾನ್ಸ್ ಫೋನ್‌ಪೇ ಮಾಡಿದ್ದರು, ಉಳಿದದ್ದು ಕ್ಯಾಷ್. ಅವರ ಫೋನ್ ತಗೊಂಡು ಹಿಂದಕ್ಕೆ ಹಿಂದಕ್ಕೆ ಸರಿಸುತ್ತಾ ಹೋದೆ. ಹಾಲಿನವರು, ಪೆಟ್ರೋಲ್ ಬಂಕ್, ಟೈಲ್ಸ್ ಅಂಗಡಿ, ಸಿಮೆಂಟ್, ಮನೆ ಕಟ್ಟಿಸಿದ ವರ್ಷದ ಪೂರ್ತಿ ಕಥೆ ಅದರಲ್ಲಿತ್ತು. ಮಾಘದ ಆಸುಪಾಸಿನಲ್ಲಿ 5,000 ಸಿಕ್ಕಿತು. ಆದರೆ ಹೆಸರು ಅಂಗಡಿಯದಲ್ಲ, ಯಾರೋ ಹೆಣ್ಣುಮಗಳದ್ದು. ಬಹಳ ಅಂಗಡಿಗಳಲ್ಲಿ ಖಾತೆ ಹೆಂಡತಿಯ ಹೆಸರಿನಲ್ಲೋ ಮಗನ ಹೆಸರಿನಲ್ಲೋ ಇರುತ್ತದೆ.

ಆ ಹೆಸರು ಹಿಡಿದು ಶನಿವಾರ ಮಧ್ಯಾಹ್ನ ಸಂತೆಪೇಟೆಗೆ ಹೋದೆವು, ಚಿಕ್ಕಪ್ಪ ಮತ್ತೆ ನಾನು. ನಾಲ್ಕು ಅಂಗಡಿ ಕೇಳಿದೆವು, ಗೊತ್ತಿಲ್ಲ ಅಂದರು. ಗೊತ್ತಿದ್ದರೂ ಹೇಳುತ್ತಿರಲಿಲ್ಲವೇನೋ, ಪಕ್ಕದ ಅಂಗಡಿಯವರ ಮೇಲೆ ಏನು ಬರುತ್ತೋ ಅಂತ. ಕೊನೆಗೆ ಹೇಳಿದ್ದು ಟೀ ಹಂಚುವ ಹುಡುಗ. ಕೈಯಲ್ಲಿ ಟೀ ಸ್ಟ್ಯಾಂಡ್ ಹಿಡಿದುಕೊಂಡೇ ಹೆಸರು ಓದಿ, "ಅದು ಸ್ಟೀಲ್ ಅಂಗಡಿ ಅಮ್ಮಾವ್ರು, ಮೂಲೇಲಿ ಬಲಕ್ಕೆ ತಿರುಗಿ" ಅಂದ. ಹಗ್ಗದವರೂ ಅಲ್ಲೇ ಕೂತಿದ್ದರು. ಚಿಕ್ಕಪ್ಪನ ಮುಖ ಅರಳಿತು.

ಅಂಗಡಿಯಲ್ಲಿ ಮೊದಲು ಸಿಕ್ಕಿದ್ದು ಮಗ. ಕೆಟಲ್ ಅಂದ ತಕ್ಷಣ ಅವನು, "ನಮ್ಮಲ್ಲಿ ತಗೊಂಡಿದ್ದು ಅಂತ ಏನ್ ಗ್ಯಾರಂಟಿ ಮೇಡಂ?" ಅಂದ. ಎಸ್ಟಿಮೇಟ್ ಚೀಟಿ ತೋರಿಸಿದೆ. ಇದು ಯಾರದ್ದಾದರೂ ಆಗಬಹುದು ಅಂದ. ಫೋನ್‌ಪೇ ತೋರಿಸಿದೆ. ಸುಮ್ಮನಾದ. ಆಗ ಒಳಗಿಂದ ಅವರಪ್ಪ ಬಂದರು. ವಯಸ್ಸಾದವರು, ಪಂಚೆ, ಕಿವಿಗೆ ಪೆನ್ನು ಸಿಕ್ಕಿಸಿಕೊಂಡಿದ್ದರು. ನಾನು ಕೈಚೀಲದಿಂದ ದೊಡ್ಡಮ್ಮನ ಕೆಟಲ್ಲಿನ ತಟ್ಟೆ ತೆಗೆದು ಗಲ್ಲಾಪೆಟ್ಟಿಗೆ ಮೇಲೆ ಇಟ್ಟೆ. ಅವರು ಅದನ್ನು ಕೈಗೆ ತಗೊಂಡು, ಉಬ್ಬಿದ ಜಾಗದ ಮೇಲೆ ಹೆಬ್ಬೆರಳು ಆಡಿಸಿ, ಮೂಗಿನ ಹತ್ತಿರ ಹಿಡಿದು ನೋಡಿದರು.

"ಯಾರಿಗಾದ್ರೂ ಏನಾದ್ರೂ ಆಯ್ತೇನಮ್ಮ?" ಅಂದರು.

ಇಲ್ಲ ಅಂದೆ. ಕಂಪನಿಯ ಪ್ರಕಟಣೆ ಫೋನಿನಲ್ಲಿ ತೋರಿಸಿದೆ. ಅವರಿಗೆ ನಾಲ್ಕು ತಿಂಗಳಲ್ಲಿ ಯಾರೂ ಒಂದು ಮಾತು ಹೇಳಿರಲಿಲ್ಲ. ಕಂಪನಿಯೂ ಇಲ್ಲ, ಮಾಲು ಕೊಟ್ಟವರೂ ಇಲ್ಲ. ಮಗನನ್ನು ಗೋಡೌನಿಗೆ ಕಳಿಸಿದರು. ಬಾಕ್ಸ್ ತಂದು ನೋಡಿದರೆ ಅದೇ ಲಾಟ್‌ನ ಏಳು ಕೆಟಲ್ ಇನ್ನೂ ಮಾರಾಟಕ್ಕಿದ್ದವು. ಬೆಳಗ್ಗೆಯೇ ಒಂದು ಹೋಗಿದೆ ಅಂತ ಮಗ ಮೆಲ್ಲಗೆ ಹೇಳಿದ. ಯಾರಿಗೆ ಅಂತ ಕೇಳಿದರೆ, ಯಾರೋ ಹಳ್ಳಿಯವರು, ಕ್ಯಾಷ್ ಕೊಟ್ಟರು ಅಂದ.

ಆಮೇಲೆ ಆ ಹಿರಿಯರು ಒಂದು ಕೆಲಸ ಮಾಡಿದರು, ಅದಕ್ಕೆ ನಾನು ಅವರಿಗೆ ಋಣಿ. ಕೆಂಪು ಬಟ್ಟೆ ಹೊದಿಕೆಯ ಸಾಲದ ಪುಸ್ತಕ ತೆಗೆದರು. ಅವರಿಂದ ಸಣ್ಣ ಊರುಗಳ ಅಂಗಡಿಯವರು ಕಡ ತಗೊಂಡು ಹೋಗುತ್ತಾರೆ, ತಿ. ನರಸೀಪುರ, ಹುಣಸೂರು, ಕೆ.ಆರ್. ಪೇಟೆ ಕಡೆಯವರು. ಬೆರಳು ಇಟ್ಟುಕೊಂಡು ಓದುತ್ತಾ ಹೋದರು. ಕೆಟಲ್ 6, ಕೆಟಲ್ 12, ಕೆಟಲ್ 4. ಐದು ಅಂಗಡಿ ಸಿಕ್ಕವು. ನಮ್ಮೆದುರೇ ಒಬ್ಬೊಬ್ಬರಿಗೂ ಫೋನ್ ಮಾಡಿದರು. ಒಬ್ಬರು ಎರಡು ಉಳಿದಿದೆ ಎತ್ತಿಡ್ತೀನಿ ಅಂದರು. ಇನ್ನೊಬ್ಬರು ಸ್ಪೀಕರಿನಲ್ಲಿ ಖುಷಿಯಿಂದ, "ಎಲ್ಲಾ ಖಾಲಿ ಆಯ್ತಣ್ಣ, ಇನ್ನೊಂದ್ ಡಜನ್ ಕಳ್ಸಿ" ಅಂದರು. ನಾವು ಮೂವರೂ ಮಾತಾಡಲಿಲ್ಲ.

ಸಾಲ ಮಾಡಿದವರ ಹೆಸರು ಪುಸ್ತಕದಲ್ಲಿದೆ, ನಗದು ಕೊಟ್ಟವರದ್ದು ಎಲ್ಲೂ ಇಲ್ಲ. ದುಡ್ಡು ಕೊಟ್ಟು ಲೆಕ್ಕ ಚುಕ್ತಾ ಮಾಡಿದವರನ್ನೇ ಹುಡುಕಲು ಆಗುತ್ತಿಲ್ಲ ಅನ್ನುವುದು ಆವತ್ತಿಂದ ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ.

ಬೇರೆ ದೇಶದಲ್ಲಿ ಇದನ್ನು ಹೇಗೆ ಮಾಡುತ್ತಾರೆ ಅಂತ ಕೂತು ಓದಿದೆ. ಅಮೆರಿಕದಲ್ಲಿ ಗ್ರಾಹಕ ವಸ್ತುಗಳ ಸುರಕ್ಷತೆಗೆ ಅಂತ ಒಂದು ಆಯೋಗ ಇದೆ, ಸಿಪಿಎಸ್‌ಸಿ. ಅವರ ರೀಕಾಲ್, ಅಂದರೆ ಸಾಮಾನು ವಾಪಸ್ ಕರೆಸುವ ಪ್ರಕಟಣೆಯಲ್ಲಿ "ಮಾರಾಟವಾದದ್ದು ಎಲ್ಲಿ" ಅಂತಲೇ ಒಂದು ಭಾಗ ಇರುತ್ತದೆ. ಜೂನ್ 2025ರಲ್ಲಿ ಆಂಕರ್ ಕಂಪನಿಯ ಒಂದು ಪವರ್ ಬ್ಯಾಂಕ್, 11 ಲಕ್ಷಕ್ಕೂ ಜಾಸ್ತಿ, ಬೆಂಕಿ ಹತ್ತುವ ಅಪಾಯ ಇದೆ ಅಂತ ವಾಪಸ್ ಕರೆಸಿದಾಗ, ಯಾವ ಯಾವ ಮಾರಾಟ ತಾಣದಲ್ಲಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಎಷ್ಟು ಬೆಲೆಗೆ ಹೋಯಿತು ಅಂತ ಬರೆದಿದ್ದರು. ಮಾಂಸದ ವಿಷಯದಲ್ಲಿ ಅವರು ಇನ್ನೂ ಮುಂದೆ ಹೋಗಿದ್ದಾರೆ. ತುಂಬಾ ಅಪಾಯ ಇರುವ ರೀಕಾಲ್ ಆದರೆ, ಆ ಮಾಲು ಹೋದ ಅಂಗಡಿಗಳ ಪಟ್ಟಿಯನ್ನೇ ಅವರ ಕೃಷಿ ಇಲಾಖೆ 2008ರಿಂದ ಪ್ರಕಟ ಮಾಡುತ್ತಾ ಬಂದಿದೆ. ಅಂಗಡಿಯ ಹೆಸರು ಮತ್ತು ಊರು. ಆ ಪಟ್ಟಿ ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು ಅಂತ ಹೇಳಲು ನಾಚಿಕೆಯಿಲ್ಲ. ಇದೇ ತಾನೇ ನಮಗೂ ಬೇಕಾಗಿದ್ದು?

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. 2019ರ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ಅದು ಶುರುವಾಗಿದ್ದು ಜುಲೈ 2020ರಲ್ಲಿ, ಅಪಾಯಕಾರಿ ಸಾಮಾನನ್ನು ವಾಪಸ್ ಕರೆಸಿ ದುಡ್ಡು ಹಿಂದಿರುಗಿಸಿ ಅಂತ ಆದೇಶ ಕೊಡಬಹುದು. ಕೊಟ್ಟಿದ್ದಾರೆ ಕೂಡ. ಪ್ರೆಶರ್ ಕುಕ್ಕರಿಗೆ ಫೆಬ್ರವರಿ 2021ರಿಂದ ಐಎಸ್‌ಐ ಗುರುತು ಕಡ್ಡಾಯ ಆಯಿತು. ಆಮೇಲೂ ಗುರುತಿಲ್ಲದ ಕುಕ್ಕರ್ ಮಾರಾಟವಾಗಿದೆ ಅಂತ ಆಗಸ್ಟ್ 2022ರಲ್ಲಿ ಅಮೆಜಾನ್‌ಗೆ, ಫ್ಲಿಪ್‌ಕಾರ್ಟ್‌ಗೆ ಆದೇಶ ಬಂತು. ಒಂದರಲ್ಲಿ 2,265 ಕುಕ್ಕರ್, ಇನ್ನೊಂದರಲ್ಲಿ 598, ಕೊಂಡ ಪ್ರತಿಯೊಬ್ಬರಿಗೂ ತಿಳಿಸಿ, ವಾಪಸ್ ತಗೊಂಡು ದುಡ್ಡು ಕೊಡಿ, ಜೊತೆಗೆ ತಲಾ 1 ಲಕ್ಷ ದಂಡ ಅಂತ. ಎರಡೂ ಕಂಪನಿಯವರು ದೆಹಲಿ ಹೈಕೋರ್ಟಿಗೆ ಹೋದರು, ಅದು ಬೇರೆ ಮಾತು. ನನ್ನ ಕಣ್ಣು ಹೋಗಿದ್ದು ಆ ಅಂಕಿಯ ಮೇಲೆ. 2,265, ಒಂದು ಹೆಚ್ಚಿಲ್ಲ ಒಂದು ಕಮ್ಮಿಯಿಲ್ಲ, ಪ್ರತಿಯೊಂದಕ್ಕೂ ಒಂದು ಮನೆ ವಿಳಾಸ, ಒಂದು ಫೋನ್ ನಂಬರ್. ಅಂಥದೇ ಕುಕ್ಕರ್ ಸಂತೆಪೇಟೆಯಲ್ಲಿ, ಮಂಡ್ಯದ ಪೇಟೆಬೀದಿಯಲ್ಲಿ ಎಷ್ಟು ಹೋಯಿತು, ಯಾರ ಒಲೆ ಮೇಲಿದೆ ಅಂತ ಯಾವ ಆದೇಶಕ್ಕೂ ತಿಳಿಯುವುದಿಲ್ಲ.

ಮ್ಯಾಗಿ ಗಲಾಟೆ ನೆನಪಿದೆಯಾ? 2015ರ ಜೂನಿನಲ್ಲಿ ಆ ನೂಡಲ್ಸ್ ನಿಷೇಧ ಮಾಡಿದ್ದರು. ನಮಗಂತೂ ಹತ್ತಿರದ ವಿಷಯ, ಯಾಕೆಂದರೆ ಅದರ ಒಂದು ಕಾರ್ಖಾನೆ ಇಲ್ಲೇ ನಂಜನಗೂಡಿನಲ್ಲಿದೆ. ಆಗ ಎಲ್ಲಾ ಅಂಗಡಿಯಿಂದಲೂ ಹಳದಿ ಪ್ಯಾಕೆಟ್ ಮಾಯ ಆಯಿತು, ಕುವೆಂಪುನಗರದ ನಮ್ಮ ಬೀದಿ ಅಂಗಡಿಯವರೂ ಬಾಕ್ಸ್ ಕಟ್ಟಿ ಹೊರಗಿಟ್ಟಿದ್ದರು. ವಾಪಸ್ ಬಂದ ಸಾವಿರಾರು ಟನ್ ಮಾಲನ್ನು ಸಿಮೆಂಟ್ ಕಾರ್ಖಾನೆಗಳ ಕುಲುಮೆಯಲ್ಲಿ ಸುಟ್ಟರು. ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟ್ ಆ ನಿಷೇಧ ತೆಗೆದುಹಾಕಿತು, ನವೆಂಬರಿನಲ್ಲಿ ಮತ್ತೆ ಮಾರಾಟಕ್ಕೆ ಬಂತು. ಅಲ್ಲಿ ಯಾವ ಅಂಗಡಿ ಅನ್ನುವ ಪ್ರಶ್ನೆಯೇ ಬರಲಿಲ್ಲ, ಎಲ್ಲವೂ ವಾಪಸ್ ಆಗಬೇಕಿತ್ತಲ್ಲ, ಟಿವಿಯಲ್ಲೂ ದಿನವೆಲ್ಲ ಅದೇ. ಒಂದೇ ಒಂದು ಲಾಟ್ ಕೆಟ್ಟಾಗ ಟಿವಿಯವರೂ ಬರಲ್ಲ, ಬೀದಿ ಅಂಗಡಿಗೂ ಗೊತ್ತಾಗಲ್ಲ.

1915ಕ್ಕೆ ಫೋನ್ ಮಾಡಿದ್ದು ನಾನು ಮಾಡಿದ ಒಳ್ಳೆಯ ಕೆಲಸ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಹೇಳಬಹುದು. ದೂರಿನ ನಂಬರ್ ಮೆಸೇಜ್ ಬಂತು, ಐದು ದಿನಕ್ಕೆ ಕಂಪನಿಯವರೇ ಫೋನ್ ಮಾಡಿದರು. ಬಿಲ್ ಇಲ್ಲದಿದ್ದರೂ ಸ್ಟಿಕ್ಕರ್ ಫೋಟೋ ಕಳಿಸಿದರೆ ಸಾಕು ಅಂತ ಒಪ್ಪಿಕೊಂಡರು. ಮೈಸೂರು ಭಾಗದಲ್ಲಿ ಆ ಲಾಟ್ ಹೋದ ಅಂಗಡಿಗಳ ಹೆಸರು ಕೊಡಿ, ಪೇಪರಿನಲ್ಲಿ ಹಾಕಿ ಅಂತ ಕೇಳಿದ್ದೇನೆ. ಅದಕ್ಕೆ ಮಾತ್ರ ಇನ್ನೂ ಉತ್ತರ ಇಲ್ಲ. ವ್ಯಾಪಾರದ ಗುಟ್ಟು ಅಂತಾರೆ. ನಾನು ಬಿಡಲ್ಲ. ಜಿಲ್ಲಾ ಗ್ರಾಹಕ ಆಯೋಗ ಮೈಸೂರಿನಲ್ಲೂ ಇದೆ, ಮಂಡ್ಯದಲ್ಲೂ ಇದೆ, ನಾವು ಇರುವ ಊರಿನಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ಸಾಮಾನಿಗೆ ಫೀಸೂ ಇಲ್ಲ. ಆ ಕಾಗದಗಳನ್ನು ಜೋಡಿಸಿಕೊಳ್ಳುತ್ತಾ ಇದ್ದೇನೆ.

ಬಿಐಎಸ್ ಕೇರ್ ಅನ್ನುವ ಆಪ್ ಕೂಡ ಹಾಕಿಕೊಂಡೆ. ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ನಂಬರ್ ಇರುತ್ತದೆ, ಅದನ್ನು ಹೊಡೆದರೆ ಲೈಸೆನ್ಸ್ ಯಾರದ್ದು ಅಂತ ಬರುತ್ತದೆ. ನಮ್ಮ ಮನೆ ಕುಕ್ಕರ್ ನೋಡಿದೆ, ಸರಿಯಿದೆ. ತುಂಬಾ ಉಪಯೋಗದ ಆಪ್, ಎಲ್ಲರೂ ಇಟ್ಟುಕೊಳ್ಳಿ. ಆದರೆ ಅದು ಹೇಳುವುದು ಯಾರು ಮಾಡಿದರು ಅಂತ, ಯಾರು ಮಾರಿದರು ಅಂತ ಅಲ್ಲ. ಅದಕ್ಕೆ ನಾನು ಈಗ ಏನೇ ತಂದರೂ ಎರಡು ಫೋಟೋ ತೆಗೆಯುತ್ತೇನೆ, ಸ್ಟಿಕ್ಕರಿನದೊಂದು, ಅಂಗಡಿ ಬೋರ್ಡಿನದೊಂದು.

ಇನ್ನು ಆ 36 ಮನೆಗಳ ವಿಷಯ. ಚಿಕ್ಕಪ್ಪ ಯಾರ್ಯಾರಿಗೆ ಕೊಟ್ಟರು ಅಂತ ಎಲ್ಲೂ ಬರೆದಿಟ್ಟಿರಲಿಲ್ಲ. ಆಗ ಚಿಕ್ಕಮ್ಮ ಬೀರುವಿನಿಂದ ಮುಯ್ಯಿ ಪುಸ್ತಕ ತೆಗೆದರು. ಗೃಹಪ್ರವೇಶದ ದಿನ ಬಾಗಿಲಲ್ಲಿ ಕೂತು ಬರೆದ ನೋಟ್‌ಬುಕ್. ಅರಿಶಿನ ಕುಂಕುಮ ಹಚ್ಚಿದ ಮೊದಲ ಪುಟ, ಮೇಲೆ ಶ್ರೀ, ಆಮೇಲೆ ಹೆಸರು, ಊರು, ದುಡ್ಡು. ಆ ಪುಸ್ತಕ ಇಟ್ಟುಕೊಂಡು ಚಿಕ್ಕಮ್ಮ ಪ್ರತಿ ಹೆಸರಿನ ಮುಂದೆ ನೆನಪು ಮಾಡಿಕೊಂಡರು. ಇವರಿಗೆ ಸೀರೆ ಕೊಟ್ವಿ, ಇವರಿಗೆ ಸ್ಟೀಲ್ ಡಬ್ಬಿ, ಇವರಿಗೆ ಕೆಟಲ್ಲು, ಇವರು ಊಟ ಮಾಡ್ದೆ ಹೋದ್ರು ಪಾಪ. ಎರಡು ಸಂಜೆ ಹಿಡಿಯಿತು. ಅಟ್ಟದ ಮೇಲೆ ಕೊಡದೇ ಉಳಿದ ನಾಲ್ಕು ಸಿಕ್ಕವು. ಕೊಟ್ಟ 32ರಲ್ಲಿ 29 ಮನೆ ಸಿಕ್ಕಿತು. ಒಬ್ಬೊಬ್ಬರಿಗೂ ಫೋನ್ ಮಾಡಿ, ತಟ್ಟೆ ಮಗುಚಿ ಫೋಟೋ ಕಳಿಸಿ ಅಂದೆವು. ಕೆಲವರು ಬಾಕ್ಸೇ ಬಿಚ್ಚಿರಲಿಲ್ಲ. ಮಳವಳ್ಳಿಯ ಒಬ್ಬರ ಮನೆಯಲ್ಲಿ ತಟ್ಟೆ ಆಗಲೇ ಕಂದು ತಿರುಗಿತ್ತು. ಅವರ ಮೊಮ್ಮಗುವಿಗೆ ಹಾಲಿನ ಪುಡಿ ಕಲಸಲು ರಾತ್ರಿಯೆಲ್ಲ ಅದರಲ್ಲೇ ನೀರು ಕಾಯಿಸುತ್ತಿದ್ದರಂತೆ.

ಮೂರು ಬಾಕ್ಸಿನಲ್ಲಿ ಎರಡು ಬಾಕ್ಸ್ ಆ ಕೆಟ್ಟ ಲಾಟ್, ಅಂದರೆ 24. ನಮಗೆ ಸಿಕ್ಕ 33ರಲ್ಲಿ 22 ಕೆಟ್ಟವು. ಎಲ್ಲವನ್ನೂ ಸಂತೆಪೇಟೆ ಹಿರಿಯರ ಅಂಗಡಿಗೇ ತಲುಪಿಸಿದ್ದೇವೆ, ಈ ಸಲ ಅಂಗಡಿಯ ಹೆಸರು, ಸಹಿ ಇರುವ ರಸೀದಿ ತಗೊಂಡೇ ಬಂದೆ. ಲೆಕ್ಕ ಹಾಕಿದರೆ ಸಿಗದ ಮೂರರಲ್ಲಿ ಎರಡು ಕೆಟ್ಟವು. ಆ ಮೂರು ಹೆಸರು ಮುಯ್ಯಿ ಪುಸ್ತಕದಲ್ಲಿ ಹೀಗಿವೆ: "ಪಾಂಡವಪುರ ಮೇಷ್ಟ್ರು – 501", "ಕೆರಗೋಡು ಅಕ್ಕ, ಸೊಸೆ ಜೊತೆ – 300", "ಗಾರೆ ಕೆಲಸದವರ ಅಣ್ಣ – 101". ಯಾರ ಕಡೆಯವರು ಅಂತ ಮನೆಯಲ್ಲಿ ಯಾರಿಗೂ ಹೊಳೆಯುತ್ತಿಲ್ಲ.

ಇದನ್ನು ಓದುವವರಲ್ಲಿ ಹೋದ ವರ್ಷ ಮಾಘದಲ್ಲಿ ಮಂಡ್ಯದಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದವರು ಇದ್ದರೆ, ಅಥವಾ ನಿಮ್ಮಪ್ಪ ಅಮ್ಮ ಹೋಗಿದ್ದರೆ, ಒಂದು ಸಲ ಮನೆಯಲ್ಲಿ ನೋಡಿ. ಹಳದಿ ಬಟ್ಟೆ ಚೀಲ, ಮೇಲೆ ಕೆಂಪು ಗಣಪತಿ, ಕೆಳಗೆ "ಮಾತೃಶ್ರೀ ನಿಲಯ" ಅಂತ ಅಚ್ಚಾಗಿರುತ್ತದೆ. ಅದರಲ್ಲಿ ಬಂದ ಕೆಟಲ್ ಇದ್ದರೆ ದಯವಿಟ್ಟು ಪ್ಲಗ್ ಹಾಕಬೇಡಿ. ಕಾಮೆಂಟಿನಲ್ಲಿ ನಿಮ್ಮ ಊರಿನ ಹೆಸರು ಮಾತ್ರ ಹಾಕಿ, ನಾನೇ ಬಂದು ತಗೊಂಡು ಹೋಗ್ತೀನಿ.